ಪಾಯದ ಬಿಲ್ಲಿಗೆ ಮೊದಲು: ಹಳ್ಳಿಯ ಬಡವರ ಮನೆ ಮತ್ತು ಅದರ ದುಡ್ಡಿನ ದಾರಿ

ಕರ್ನಾಟಕದ ಯಾವ ಹಳ್ಳಿಯ ಆಶ್ರಯ ಬಡಾವಣೆಗೆ ಹೋದರೂ ಒಂದು ನೋಟ ತಪ್ಪುವುದಿಲ್ಲ. ಲಿಂಟಲ್ ಮಟ್ಟಕ್ಕೆ ಬಂದು ನಿಂತುಬಿಟ್ಟ ಗೋಡೆ, ಮಳೆಗೆ ತುಕ್ಕು ಹಿಡಿದ ಕಂಬಿ, ಒಳಗೆ ಆಳೆತ್ತರ ಬೆಳೆದ ಪಾರ್ಥೇನಿಯಂ. ಪಕ್ಕದಲ್ಲೇ ತಗಡು ಹೊದಿಸಿದ ಗುಡಿಸಲಿನಲ್ಲಿ ಒಲೆ ಉರಿಯುತ್ತಿರುತ್ತದೆ. ಆ ಗೋಡೆ, ಈ ಗುಡಿಸಲು ಎರಡೂ ಒಂದೇ ಕುಟುಂಬದವು. ಮನೆ ಮಂಜೂರಾಗಿದೆ, ಪಟ್ಟಿಯಲ್ಲಿ ಹೆಸರಿದೆ, ಬ್ಯಾಂಕಿನಲ್ಲಿ ಖಾತೆಯಿದೆ. ಆದರೂ ಚಾವಣಿ ಬಿದ್ದಿಲ್ಲ. ಇದಕ್ಕೆ ಯೋಜನೆಗಳ ಕೊರತೆ ಕಾರಣವಲ್ಲ. ಹಣ ಯಾವಾಗ ಬರುತ್ತದೆ, ಯಾವ ಕಾಗದದ ಮೇಲೆ ಬರುತ್ತದೆ ಎಂಬುದರಲ್ಲೇ ಈ ಮನೆಗಳ ಹಣೆಬರಹ ಅಡಗಿದೆ.

ಜನತಾ ಮನೆಯಿಂದ ಆವಾಸ್‌ವರೆಗೆ

ಹಳ್ಳಿಯ ಹಿರಿಯರ ಬಾಯಲ್ಲಿ ಸರ್ಕಾರದ ಮನೆಗೆ ಇಂದಿಗೂ ‘ಜನತಾ ಮನೆ’ ಎಂದೇ ಹೆಸರು. ದೇವರಾಜ ಅರಸು ಅವರ ಕಾಲದಲ್ಲಿ, 1970ರ ದಶಕದಲ್ಲಿ, ನಿವೇಶನವಿಲ್ಲದವರಿಗೆ ಜಾಗ ಮತ್ತು ಪುಟ್ಟ ಮನೆ ಕೊಡುವ ಕೆಲಸ ಜೋರಾಗಿ ನಡೆದಾಗ ಬಳಕೆಗೆ ಬಂದ ಮಾತು ಅದು. 1991-92ರಲ್ಲಿ ಆಶ್ರಯ ಯೋಜನೆ ಬಂತು. ಬಡಾವಣೆಗಳ ಹೆಸರಲ್ಲಿ ಅದು ಇನ್ನೂ ಉಳಿದಿದೆ. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾದ ಮೇಲೆ ರಾಜ್ಯದ ವಸತಿ ಯೋಜನೆಗಳ ಹಣ, ಫಲಾನುಭವಿಗಳ ಪಟ್ಟಿ, ಪ್ರಗತಿಯ ಲೆಕ್ಕ ಎಲ್ಲವೂ ಒಂದೇ ಸೂರಿನಡಿ ಬಂದವು.

ಕೇಂದ್ರ ಸರ್ಕಾರದ ಕಡೆಯಿಂದ ಬಂದದ್ದು ಇಂದಿರಾ ಆವಾಸ್ ಯೋಜನೆ. 1985ರ ಹೊತ್ತಿಗೆ ಉದ್ಯೋಗ ಕಾರ್ಯಕ್ರಮವೊಂದರ ಭಾಗವಾಗಿ ಹುಟ್ಟಿ, 1996ರಲ್ಲಿ ಸ್ವತಂತ್ರ ಯೋಜನೆಯಾಯಿತು. 2016ರಲ್ಲಿ ಅದರ ಜಾಗಕ್ಕೆ ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಬಂತು. ಮೊದಲ ಗುರಿ ದೇಶಾದ್ಯಂತ 2.95 ಕೋಟಿ ಮನೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಇದನ್ನು 2028-29ರವರೆಗೆ ಮುಂದುವರಿಸಿ, ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆ ಕೊಟ್ಟಿತು.

ಯಾರಿಗೆ ಯಾವ ಯೋಜನೆ

ಕೇಂದ್ರದ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಯ ಮನೆಗೆ 1.20 ಲಕ್ಷ ರೂಪಾಯಿ, ಗುಡ್ಡಗಾಡು ಮತ್ತು ದುರ್ಗಮ ಪ್ರದೇಶಕ್ಕೆ 1.30 ಲಕ್ಷ ರೂಪಾಯಿ ಸಹಾಯಧನ. ಕರ್ನಾಟಕದಲ್ಲಿ ಇದರ 60 ಭಾಗ ಕೇಂದ್ರದ್ದು, 40 ಭಾಗ ರಾಜ್ಯದ್ದು. ಅಡುಗೆ ಜಾಗವೂ ಸೇರಿ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಂದರೆ ಸುಮಾರು 270 ಚದರ ಅಡಿ. ಗುರಿಯ ಶೇ 60ರಷ್ಟು ಮನೆಗಳು ಪರಿಶಿಷ್ಟ ಜಾತಿ, ಪಂಗಡದವರಿಗೆ ಮೀಸಲು.

ರಾಜ್ಯದ ಯೋಜನೆಗಳ ಪೈಕಿ ಬಸವ ವಸತಿ ಯೋಜನೆ ಸಾಮಾನ್ಯ ಮತ್ತು ಹಿಂದುಳಿದ ವರ್ಗದ ಬಡವರಿಗಾಗಿ ಇದೆ. ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆ ಪರಿಶಿಷ್ಟ ಜಾತಿ, ಪಂಗಡದವರದು. ಹಳ್ಳಿಗಳಲ್ಲಿ ಬಸವ ವಸತಿಗೆ 1.20 ಲಕ್ಷ, ಅಂಬೇಡ್ಕರ್ ನಿವಾಸ್‌ಗೆ 1.75 ಲಕ್ಷ ರೂಪಾಯಿ ಸಹಾಯಧನವಿದೆ. ದೇವರಾಜ ಅರಸು ವಸತಿ ಯೋಜನೆಯ ಹೆಸರು ಕೇಳಿದವರು ಕಡಿಮೆ. ವಿಧವೆಯರು, ಅಂಗವಿಕಲರು, ಮಾಜಿ ದೇವದಾಸಿಯರು, ಕುಷ್ಠದಿಂದ ಗುಣವಾದವರು, ಎಚ್‌ಐವಿ ಸೋಂಕಿತರು, ಮಲ ಹೊರುವ ಕೆಲಸದಿಂದ ಬಿಡುಗಡೆಯಾದವರು, ಲಿಂಗತ್ವ ಅಲ್ಪಸಂಖ್ಯಾತರು ಇದರ ವ್ಯಾಪ್ತಿಗೆ ಬರುತ್ತಾರೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಲು ಸಂಕೋಚಪಡುವವರೇ ಇವರಲ್ಲಿ ಹೆಚ್ಚು. ಪಂಚಾಯಿತಿ ಸದಸ್ಯರು ತಾವಾಗಿಯೇ ಇವರ ಮನೆ ಬಾಗಿಲಿಗೆ ಹೋಗಿ ಅರ್ಜಿ ಬರೆಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾಡಂಚಿನ ಜೇನುಕುರುಬರು ಮತ್ತು ಕರಾವಳಿಯ ಕೊರಗರಿಗೆ ಬೇರೆಯದೇ ದಾರಿಯಿದೆ. 2023ರ ನವೆಂಬರ್‌ನಲ್ಲಿ ಆರಂಭವಾದ ಪಿಎಂ-ಜನ್‌ಮನ್ ಯೋಜನೆಯಲ್ಲಿ ಇಂಥ ವಿಶೇಷ ದುರ್ಬಲ ಬುಡಕಟ್ಟುಗಳ ಮನೆಗೆ 2 ಲಕ್ಷ ರೂಪಾಯಿ ಸಿಗುತ್ತದೆ.

ಮನೆಗಿಂತ ಮೊದಲು ನಿವೇಶನ

ಮೇಲಿನ ಎಲ್ಲ ಯೋಜನೆಗಳೂ ಒಂದು ವಿಷಯವನ್ನು ಮೊದಲೇ ಊಹಿಸಿಕೊಂಡಿವೆ: ಅರ್ಜಿ ಹಾಕುವವರಿಗೆ ಕಾಲೂರಲು ಜಾಗವಿದೆ ಎಂದು. ಹಳ್ಳಿಯ ಕಡುಬಡವರಿಗೆ ಇಲ್ಲದಿರುವುದು ಅದೇ. ಗ್ರಾಮಠಾಣದೊಳಗಿನ ಅಜ್ಜನ ಮನೆ ನಾಲ್ಕು ಅಣ್ಣತಮ್ಮಂದಿರಿಗೆ ಹಂಚಿಹೋಗಿ ಒಬ್ಬೊಬ್ಬರಿಗೆ ಒಂದೊಂದು ಅಂಕಣ ಉಳಿದಿರುತ್ತದೆ. ಖಾತೆ ಮಾತ್ರ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲೇ. ಪೌತಿ ಖಾತೆ ಆಗದೆ, ವಿಭಾಗ ಪತ್ರ ಆಗದೆ, ಪಂಚಾಯಿತಿಯಿಂದ ಇ-ಸ್ವತ್ತಿನ ನಮೂನೆ 9 ಮತ್ತು 11-ಎ ಸಿಗದು. ಅವಿಲ್ಲದೆ ಮನೆಯ ಕಡತ ಮುಂದಕ್ಕೆ ಹೋಗದು.

ಊರ ಹೊರಗಿನ ತಾಂಡಾ, ಗೊಲ್ಲರಹಟ್ಟಿ, ಕ್ಯಾಂಪುಗಳ ಸ್ಥಿತಿ ಇನ್ನೂ ಕಷ್ಟದ್ದು. ತಲೆಮಾರುಗಳಿಂದ ಜನ ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದರೂ ದಾಖಲೆಯಲ್ಲಿ ಅದು ಯಾರದೋ ಸರ್ವೆ ನಂಬರಿನ ಹೊಲ, ಇಲ್ಲವೇ ಸರ್ಕಾರಿ ಗೋಮಾಳ. ಇದಕ್ಕೆ ಕಾನೂನಿನಲ್ಲಿ ಬಾಗಿಲುಗಳಿವೆ. ಭೂಸುಧಾರಣಾ ಕಾಯ್ದೆಯ 38ನೇ ಕಲಂ, ಬೇರೆಯವರ ಜಮೀನಿನಲ್ಲಿ ಮನೆ ಕಟ್ಟಿಕೊಂಡು ಬಾಳುತ್ತಿದ್ದ ಕೃಷಿ ಕೂಲಿಕಾರರಿಗೆ ಆ ಜಾಗದ ಒಡೆತನ ಕೊಟ್ಟಿತು. ಅದಕ್ಕೆ ಮುಂದೆ ಸೇರಿದ 38-ಎ ದಾಖಲೆಯಿಲ್ಲದ ಜನವಸತಿಗಳನ್ನೂ ಒಳಗೊಂಡಿತು. ಭೂಕಂದಾಯ ಕಾಯ್ದೆಯ 94-ಸಿ, ಹಳ್ಳಿಯಲ್ಲಿ ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ವಾಸದ ಮನೆಯನ್ನು ಸಕ್ರಮ ಮಾಡುತ್ತದೆ. ಇದೇ ಹಾದಿಯಲ್ಲಿ ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ, 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಹಂಚಲಾಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಲಂಬಾಣಿ ಕುಟುಂಬಗಳೇ ಅದರಲ್ಲಿ ಬಹುಪಾಲು.

ಹಕ್ಕುಪತ್ರವೆಂದರೆ ಒಂದು ಹಾಳೆ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಕವರನ್ನು ಬಟ್ಟೆಯಲ್ಲಿ ಸುತ್ತಿ, ಟ್ರಂಕಿನ ತಳದಲ್ಲಿ ಮದುವೆ ಸೀರೆಯ ಕೆಳಗಿಟ್ಟ ಮನೆಗಳನ್ನು ನೋಡಿದ್ದೇನೆ. ಹೊರತೆಗೆಯುವಾಗ ಕೈ ಒರೆಸಿಕೊಂಡು ತೆಗೆಯುತ್ತಾರೆ. ಆ ಹಾಳೆ ಬಂದ ಮೇಲೆಯೇ ಅಲ್ಲಿನವರಿಗೆ ಮನೆಯ ಸಹಾಯಧನ ಎಂಬ ಮಾತಿಗೆ ಅರ್ಥ ಬಂದದ್ದು.

2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆ ಡ್ರೋನ್ ಹಾರಿಸಿ ಗ್ರಾಮಠಾಣದ ಮನೆಗಳನ್ನು ಅಳೆದು ಆಸ್ತಿ ಕಾರ್ಡು ಕೊಡುತ್ತದೆ. ಪ್ರಾಯೋಗಿಕ ಹಂತದಲ್ಲೇ ಕರ್ನಾಟಕವೂ ಅದರಲ್ಲಿತ್ತು. ಒಳ್ಳೆಯ ಕೆಲಸ. ಆದರೆ ಅಳತೆ ನಡೆಯುವುದು ಜನವಸತಿ ಎಂದು ಗುರುತಾದ ಜಾಗದಲ್ಲಿ. ಹೊಲದ ಬದುವಿನಲ್ಲಿ ಗುಡಿಸಲು ಹಾಕಿಕೊಂಡ ಕುಟುಂಬಕ್ಕೆ ಮೇಲೆ ಹೇಳಿದ ಕಾಯ್ದೆಗಳೇ ಗತಿ.

ಪಟ್ಟಿಗೆ ಹೆಸರು ಸೇರುವುದು

ಕೇಂದ್ರದ ಯೋಜನೆಗೆ ಮೊದಲ ಆಧಾರ 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿ. ಅದರಲ್ಲಿ ಬಿಟ್ಟುಹೋದವರಿಗಾಗಿ ಮುಂದೆ ಆವಾಸ್ ಪ್ಲಸ್ ಸಮೀಕ್ಷೆ ನಡೆಯಿತು. ಹೊಸ ಹಂತಕ್ಕಾಗಿ ಮೊಬೈಲ್ ಆ್ಯಪ್ ಮೂಲಕ ಮತ್ತೊಂದು ಸುತ್ತಿನ ಸಮೀಕ್ಷೆ ಬಂತು. ಹಿಂದೆ ಮನೆಯಲ್ಲಿ ಬೈಕೋ ಫ್ರಿಜ್ಜೋ ಇದ್ದರೆ ಹೆಸರು ಹೊಡೆದುಹಾಕುತ್ತಿದ್ದರು. ಕೂಲಿಗೆ ಹತ್ತಾರು ಮೈಲಿ ಹೋಗಲು ಹಳೆಯ ಬೈಕು ಕೊಂಡವನೂ ಸ್ಥಿತಿವಂತ ಎನಿಸಿಕೊಂಡ ಕಾಲವದು. ಈಗ ಆ ಷರತ್ತುಗಳನ್ನು ಕೈಬಿಟ್ಟಿದ್ದಾರೆ, ತಿಂಗಳ ಆದಾಯದ ಮಿತಿಯನ್ನು 10,000ದಿಂದ 15,000 ರೂಪಾಯಿಗೆ ಏರಿಸಿದ್ದಾರೆ. ರಾಜ್ಯದ ಯೋಜನೆಗಳಲ್ಲೂ ಗ್ರಾಮೀಣ ಕುಟುಂಬದ ವಾರ್ಷಿಕ ಆದಾಯದ ಮಿತಿ 32,000 ರೂಪಾಯಿಯಿಂದ 1.20 ಲಕ್ಷಕ್ಕೆ ಏರಿದೆ.

ಯಾವ ಯೋಜನೆಯಾದರೂ ಪಟ್ಟಿ ಗ್ರಾಮಸಭೆಯ ಮುಂದೆ ಬರಲೇಬೇಕು. ಹೆಸರು ಓದುವಾಗ ಹಾಜರಿದ್ದವರ ಮಾತು ನಡೆಯುತ್ತದೆ. ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಗಾರೆ ಕೆಲಸಕ್ಕೆ ಗುಳೆ ಹೋದವರ ಹೆಸರು ಆ ದಿನ ‘ಊರಲ್ಲಿಲ್ಲ’ ಎಂದು ಬಿದ್ದುಹೋಗುತ್ತದೆ. ಗ್ರಾಮಸಭೆಯ ತಾರೀಖು ಗುಳೆ ಹೋದವರಿಗೂ ಮೊದಲೇ ತಿಳಿಯುವಂತಿರಬೇಕು. ಮನೆಯ ಅಗತ್ಯ ಎಲ್ಲರಿಗಿಂತ ಹೆಚ್ಚಿರುವುದು ಅವರಿಗೇ.

ಮಂಜೂರಾತಿ ಸಾಮಾನ್ಯವಾಗಿ ಮನೆಯೊಡತಿಯ ಹೆಸರಿಗೆ, ಇಲ್ಲವೇ ಗಂಡ ಹೆಂಡತಿ ಇಬ್ಬರ ಹೆಸರಿಗೆ ಆಗುತ್ತದೆ. ಈ ನಿಯಮ, ಕುಡಿತದ ಸಾಲಕ್ಕೆ ಮನೆ ಮಾರಿಹೋಗದಂತೆ ಎಷ್ಟೋ ಕಡೆ ಕಾದಿದೆ.

ಬಿಲ್ಲು ಬೀಳುವ ಬಗೆ

ರಾಜ್ಯದ ಯೋಜನೆಗಳಲ್ಲಿ ಹಣ ಸಾಮಾನ್ಯವಾಗಿ ನಾಲ್ಕು ಹಂತದಲ್ಲಿ ಬರುತ್ತದೆ: ತಳಪಾಯ, ಲಿಂಟಲ್, ಚಾವಣಿ, ಪೂರ್ಣ. ಹಳ್ಳಿಯಲ್ಲಿ ಇದಕ್ಕೆ ‘ಬಿಲ್ಲು’ ಎನ್ನುತ್ತಾರೆ. ಇಬ್ಬರು ಫಲಾನುಭವಿಗಳು ಎದುರಾದರೆ ಕುಶಲದ ಮಾತಿಗಿಂತ ಮೊದಲು ಬರುವ ಪ್ರಶ್ನೆ, “ಪಾಯದ ಬಿಲ್ಲು ಆಯ್ತಾ?”

ಕಾಮಗಾರಿ ಆದೇಶ ಕೈಗೆ ಬಂದ ಮೇಲೆ ಗುದ್ದಲಿ ಪೂಜೆ ಮಾಡಿ ಪಾಯ ತೋಡಬೇಕು, ಸೈಜುಗಲ್ಲು ತರಿಸಬೇಕು, ಮೇಸ್ತ್ರಿಗೆ ಮುಂಗಡ ಕೊಡಬೇಕು. ಪಾಯ ಮೇಲೆ ಬಂದ ಮೇಲೆ ಪಂಚಾಯಿತಿಯವರು ಬಂದು ಜಿಪಿಎಸ್ ಮಾಡುತ್ತಾರೆ. ಮನೆಯೊಡತಿ ಪಾಯದ ಮುಂದೆ ನಿಲ್ಲಬೇಕು. ಸೆರಗು ಸರಿಮಾಡಿಕೊಂಡು, ಕಣ್ಣಿಗೆ ಬಿಸಿಲು ಹೊಡೆಯುತ್ತಿದ್ದರೂ ಕೈ ಅಡ್ಡ ಹಿಡಿಯದೆ ಆಕೆ ನಿಲ್ಲುತ್ತಾಳೆ. ಫೋನು ಅಕ್ಷಾಂಶ, ರೇಖಾಂಶಗಳ ಸಮೇತ ಫೋಟೊ ತೆಗೆದು ಮೇಲಕ್ಕೆ ಕಳಿಸುತ್ತದೆ. ಅದು ಒಪ್ಪಿಗೆಯಾದ ಮೇಲೆ ಹಣ ನೇರ ಆಕೆಯ ಖಾತೆಗೆ ಬರುತ್ತದೆ. ನಡುವೆ ಕೈ ಹಾಕುವವರು ಕಡಿಮೆಯಾದದ್ದು ಈ ಪದ್ಧತಿಯ ದೊಡ್ಡ ಲಾಭ. ಮಂಜೂರಾದ ಜಾಗ ಬಿಟ್ಟು ಬೇರೆ ಕಡೆ ಕಟ್ಟಿದರೆ, ಅಥವಾ ಆಧಾರ್ ಕಾರ್ಡಿನ ಹೆಸರಿಗೂ ಪಾಸ್‌ಬುಕ್ಕಿನ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೆ, ಬಿಲ್ಲು ಅಲ್ಲೇ ನಿಲ್ಲುತ್ತದೆ. ಪಾಯ ತೋಡುವ ಮೊದಲೇ ಇವೆರಡನ್ನು ಸರಿಪಡಿಸಿಕೊಳ್ಳಬೇಕು.

ತೊಡಕು ಮೊದಲ ಹೆಜ್ಜೆಯಲ್ಲೇ ಇದೆ. ಪಾಯ ಹಾಕಿದರೆ ದುಡ್ಡು, ಆದರೆ ಪಾಯ ಹಾಕಲು ದುಡ್ಡು ಯಾರು ಕೊಡಬೇಕು? ಕೇಂದ್ರದ ಮಾರ್ಗಸೂಚಿ ಮಂಜೂರಾತಿಯ ಬೆನ್ನಿಗೇ ಮೊದಲ ಕಂತು ಬಿಡುಗಡೆ ಮಾಡಲು ಹೇಳುತ್ತದೆ. ರಾಜ್ಯದ ಯೋಜನೆಗಳಲ್ಲೂ ಹಾಗೆಯೇ ಆಗಬೇಕು. ದಿನಗೂಲಿಯ ಕುಟುಂಬ ಕೈಯಿಂದ ಪಾಯ ಹಾಕಲಿ ಎಂದರೆ ಬಡ್ಡಿಗೆ ತಂದು ಹಾಕಲಿ ಎಂದು ಹೇಳಿದಂತೆಯೇ.

ಕೊರತೆ ತುಂಬುವ ದಾರಿಗಳು

1.20 ಲಕ್ಷವನ್ನು 270 ಚದರ ಅಡಿಗೆ ಹಂಚಿದರೆ ಚದರ ಅಡಿಗೆ ಸುಮಾರು 445 ರೂಪಾಯಿ. ಆ ದರಕ್ಕೆ ಇಂದು ಯಾವ ಮೇಸ್ತ್ರಿಯೂ ಸಾಮಾನು ಸಮೇತ ಮನೆ ಕಟ್ಟಿಕೊಡಲು ಒಪ್ಪುವುದಿಲ್ಲ. 2016ರಲ್ಲಿ ನಿಗದಿಯಾದ ಮೊತ್ತವನ್ನೇ 2024ರ ಮುಂದುವರಿಕೆಯಲ್ಲೂ ಉಳಿಸಿಕೊಳ್ಳಲಾಯಿತು. ಸಿಮೆಂಟು, ಕಂಬಿ, ಎಂ-ಸ್ಯಾಂಡಿನ ಬೆಲೆ ಮಾತ್ರ ಅಲ್ಲೇ ನಿಲ್ಲಲಿಲ್ಲ. ನೆರೆಯ ಕೇರಳದ ಲೈಫ್ ಮಿಷನ್ ಒಂದು ಮನೆಗೆ 4 ಲಕ್ಷ ಕೊಡುತ್ತದೆ. ತಮಿಳುನಾಡು 2024ರಲ್ಲಿ ಆರಂಭಿಸಿದ ಕಲೈಞರ್ ಕನವು ಇಲ್ಲಂ ಯೋಜನೆಯಲ್ಲಿ 360 ಚದರ ಅಡಿಯ ಮನೆಗೆ 3.5 ಲಕ್ಷ. ನಮ್ಮ ರಾಜ್ಯ ಈ ಮೊತ್ತಗಳನ್ನು ಎದುರಿಗಿಟ್ಟುಕೊಂಡು ತನ್ನ ಲೆಕ್ಕವನ್ನು ಹೊಸದಾಗಿ ಹಾಕಲೇಬೇಕು.

ಉದ್ಯೋಗ ಖಾತ್ರಿಯನ್ನು ಮನೆಗೆ ಜೋಡಿಸಿದ್ದು ಕೊಂಚ ಆಸರೆಯಾಯಿತು. ತಮ್ಮದೇ ಮನೆಗೆ ಮಣ್ಣು ಹೊತ್ತರೂ ಬಯಲು ಸೀಮೆಯಲ್ಲಿ 90 ಮಾನವ ದಿನಗಳ ಕೂಲಿ ಸಿಗುವಂತೆ ನಿಯಮ ಮಾಡಿದ್ದರು. 2025-26ರಲ್ಲಿ ರಾಜ್ಯದ ಕೂಲಿ ದಿನಕ್ಕೆ 370 ರೂಪಾಯಿ ಇದ್ದಾಗ ಅದು 33,300 ರೂಪಾಯಿ ಆಗುತ್ತಿತ್ತು. ಶೌಚಾಲಯಕ್ಕೆ ಪ್ರತ್ಯೇಕವಾಗಿ 12,000 ರೂಪಾಯಿ.

ಬ್ಯಾಂಕಿನಿಂದ 70,000 ರೂಪಾಯಿವರೆಗೆ ಸಾಲ ಕೊಡಿಸುವ ಅವಕಾಶ ಕೇಂದ್ರದ ಯೋಜನೆಯಲ್ಲೇ ಇದೆ. ಆದರೆ ಆದಾಯ ದಾಖಲೆಯಿಲ್ಲದ ಕೂಲಿಕಾರರಿಗೆ ಬ್ಯಾಂಕಿನ ಕೌಂಟರು ದೂರ. ಅವರು ನಂಬುವುದು ಸ್ವಸಹಾಯ ಸಂಘವನ್ನು, ಇಲ್ಲವೇ ಮನೆ ಬಾಗಿಲಿಗೆ ಬರುವ ಮೈಕ್ರೋ ಫೈನಾನ್ಸ್‌ನವರನ್ನು. ಚಾವಣಿಗೆಂದು ತಂದ ಸಾಲದ ವಾರದ ಕಂತು ಚಾವಣಿ ಒಣಗುವ ಮೊದಲೇ ಶುರುವಾಗುತ್ತದೆ. ವಸೂಲಿಯ ಕಿರುಕುಳಕ್ಕೆ ಊರು ಬಿಟ್ಟವರ ಸುದ್ದಿಗಳು ಸಾಲುಸಾಲಾಗಿ ಬಂದ ಮೇಲೆಯೇ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದು. ಮನೆಗೆ ಸಾಲ ಬೇಕಾದರೆ ಮೊದಲು ತಮ್ಮ ಸಂಘ, ನಂತರ ಊರಿನ ಸಹಕಾರ ಸಂಘ, ಆಮೇಲೆ ಬ್ಯಾಂಕು. ಈ ಮೂರನ್ನೂ ಕೇಳಿ ನೋಡದೆ ಬೇರೆ ಕಡೆ ಸಹಿ ಹಾಕಬಾರದು.

ಮಣ್ಣು, ಕಲ್ಲು, ಹೆಂಚು

ಖರ್ಚು ಇಳಿಸುವ ಜ್ಞಾನ ನಮ್ಮಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಹಳ್ಳಿಗರ ನಡುವೆಯೇ ಪ್ರಯೋಗ ನಡೆಸಿತು. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ರೂಢಿಗೆ ತಂದ ಮಣ್ಣಿನ ಅಚ್ಚಿಟ್ಟಿಗೆಗೆ ಭಟ್ಟಿ ಬೇಡ, ಸೌದೆ ಬೇಡ. ಜರಡಿ ಹಿಡಿದ ಮಣ್ಣಿಗೆ ಮರಳು ಮತ್ತು ನೂರಕ್ಕೆ ಆರೆಂಟು ಪಾಲು ಸಿಮೆಂಟು ಕಲಸಿ, ಕೈಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರುಣಿಸಿದರೆ ಸಾಕು. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಬಳಕೆಗೆ ತಂದ ಇಲಿಬೋನು ಮಾದರಿಯ ಗೋಡೆಯಲ್ಲಿ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುತ್ತಾರೆ. ಕಾಲು ಪಾಲು ಇಟ್ಟಿಗೆ ಉಳಿಯುತ್ತದೆ, ಒಳಗೆ ತಂಪೂ ಇರುತ್ತದೆ.

ಕರಾವಳಿಗೆ ಕೆಂಪುಕಲ್ಲು, ಕಲಬುರಗಿ ಕಡೆಗೆ ಶಹಾಬಾದ್ ಕಲ್ಲು, ಮಲೆನಾಡಿಗೆ 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಕಾಲದಿಂದ ಹೆಂಚು. ಆದರೂ ಎಲ್ಲ ಕಡೆ ಒಂದೇ ಮಾದರಿಯ ಸಿಮೆಂಟು ಡಬ್ಬಿ ಏಳುತ್ತಿದೆ. ‘ಆರ್‌ಸಿಸಿ ಮನೆ’ ಎಂಬ ಮಾತಿಗೆ ಊರಲ್ಲಿರುವ ಗೌರವವೇ ಅದಕ್ಕೆ ಕಾರಣ. ಆ ಆಸೆ ತಪ್ಪಲ್ಲ. ಆಷಾಢದ ರಾತ್ರಿ ಮಾಳಿಗೆಯ ಮಣ್ಣು ಕುಸಿದು ಮಲಗಿದವರ ಮೇಲೆ ಬಿದ್ದ ಊರುಗಳಲ್ಲಿ ಕಾಂಕ್ರೀಟಿನ ಮೇಲೆ ನಂಬಿಕೆ ಬಂದದ್ದು ಸಹಜ. ಅಚ್ಚಿಟ್ಟಿಗೆಯ ಯಂತ್ರವನ್ನೂ ಕಲಿತ ಮೇಸ್ತ್ರಿಯನ್ನೂ ಪಂಚಾಯಿತಿಯೇ ಒದಗಿಸಿ, ಒಂದು ಮನೆ ಕಟ್ಟಿ ತೋರಿಸಿದರೆ ಜನ ಬರುತ್ತಾರೆ.

ನೆರೆಯಲ್ಲಿ ಬಿದ್ದ ಮನೆಗಳು

2019ರ ಆಗಸ್ಟ್‌ನ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು, ಅಲ್ಪ ಹಾನಿಯ ‘ಸಿ’ ವರ್ಗಕ್ಕೆ 50,000. ನೋಡಲು ಬಂದವರು ಬಿರುಕನ್ನು ಯಾವ ವರ್ಗಕ್ಕೆ ಬರೆದರು ಎಂಬುದರ ಮೇಲೆ ಹತ್ತು ಪಟ್ಟು ವ್ಯತ್ಯಾಸ. ಹಾಗಾಗಿ ಗೋಡೆ ಬಿದ್ದ ದಿನವೇ ಫೋಟೊ ತೆಗೆದಿಟ್ಟುಕೊಳ್ಳುವುದು, ಪರಿಶೀಲನೆಗೆ ಬಂದಾಗ ಎದುರಿಗಿರುವುದು ಮುಖ್ಯ.

2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಹೆಸರಿನಲ್ಲಿ ದಾನಿಗಳ ನೆರವಿನಿಂದ ಹೊಸ ಊರುಗಳೇ ಎದ್ದವು. ನೆರಳಿಲ್ಲದ ಎತ್ತರದ ಜಾಗ, ಸಾಲಾಗಿ ನಿಂತ ಒಂದೇ ಅಳತೆಯ ಮನೆಗಳು. ನೀರು ಇಳಿದ ಮೇಲೆ ಹಲವು ಕುಟುಂಬಗಳು ಹೊಸ ಮನೆಗೆ ಬೀಗ ಹಾಕಿ ಹೊಳೆ ದಂಡೆಯ ಹಳೆಯ ಊರಿಗೇ ಮರಳಿದವು. ಹೊಲ ದೂರವಾಗಿತ್ತು. ಎಮ್ಮೆ ಕಟ್ಟಲು, ಕಣಿಕೆಯ ಬಣವೆ ಒಟ್ಟಲು ಆ ನಿವೇಶನಗಳಲ್ಲಿ ಜಾಗ ಬಿಟ್ಟಿರಲಿಲ್ಲ.