ಒರಟು ದಾರಿಯ ವಾಹನಗಳ ಸಸ್ಪೆನ್ಷನ್ ಬಿಡಿಭಾಗಗಳು ಮತ್ತು ಪಾರ್ಕಿಂಗ್ ಬ್ರೇಕ್: ಚಳ್ಳಕೆರೆ ಹಾಗೂ ಮೊಳಕಾಲ್ಮುರು ತಾಲ್ಲೂಕುಗಳ ವಾಹನ ಮಾಲೀಕರಿಗೆ ಮಾಹಿತಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಓಡಾಡುವ ಬೊಲೆರೊ, ಸ್ಕಾರ್ಪಿಯೊ, ಥಾರ್, ಜಿಪ್ಸಿ ಹಾಗೂ ಹಳೆಯ ಜೀಪುಗಳು ಬಹುಪಾಲು ದುಡಿಮೆಯ ವಾಹನಗಳಾಗಿವೆ. ಹೊಲದ ದಾರಿ, ಹಳ್ಳದ ದಾಟು, ಅಮೃತಮಹಲ್ ಕಾವಲಿನ ಬಂಡಿಜಾಡು, ಗುಡ್ಡದ ಗರಸು ರಸ್ತೆ ಇವುಗಳಲ್ಲಿ ಜನರನ್ನೂ ಶೇಂಗಾ ಚೀಲಗಳನ್ನೂ ಇವು ಸಾಗಿಸುತ್ತವೆ. ಜಟಿಂಗ ರಾಮೇಶ್ವರ ಬೆಟ್ಟದ ಬುಡದಲ್ಲಿ ಅಥವಾ ನಾಯಕನಹಟ್ಟಿ ಜಾತ್ರೆಯ ಕಾಲದಲ್ಲಿ ಸಮತಟ್ಟು ಜಾಗ ಸಿಗುವುದು ದುರ್ಲಭ. ಇಳಿಜಾರಿನಲ್ಲಿ ನಿಲ್ಲಿಸಿದ ವಾಹನ ತಾನಾಗಿ ಉರುಳಿದರೆ ಅದರ ಹಾದಿಯಲ್ಲಿರುವವರು ಬಹುತೇಕ ಕಾಲ್ನಡಿಗೆಯವರು ಮತ್ತು ಮಕ್ಕಳು.

ಪಾರ್ಕಿಂಗ್ ಬ್ರೇಕ್, ಅಂದರೆ ರೂಢಿಯ ಹ್ಯಾಂಡ್ ಬ್ರೇಕ್, ಹಿಡಿಯದಿದ್ದಾಗ ದೋಷವನ್ನು ಲಿವರ್‌ನಲ್ಲಿಯೇ ಹುಡುಕುವುದು ವಾಡಿಕೆ. ಆದರೆ ಸ್ಪ್ರಿಂಗ್, ಚಕ್ರ ಮತ್ತು ಹೊರೆಯಲ್ಲಿ ಮಾಡಿದ ಬದಲಾವಣೆಗಳಿಂದಲೂ ಈ ಬ್ರೇಕಿನ ಹಿಡಿತ ಕುಂದುತ್ತದೆ ಎಂಬುದನ್ನು ಮಾಲೀಕರು ಗಮನಿಸತಕ್ಕದ್ದು.

ಕಾನೂನಿನ ಅಗತ್ಯ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 96ರನ್ವಯ ಕಾರು, ಜೀಪು ಮುಂತಾದ ವಾಹನಗಳಲ್ಲಿ ಕಾಲು ಬ್ರೇಕ್ ಮತ್ತು ಪಾರ್ಕಿಂಗ್ ಬ್ರೇಕ್ ಎಂಬ ಎರಡು ಸ್ವತಂತ್ರ ವ್ಯವಸ್ಥೆಗಳು ಇರಬೇಕು. ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 126ರ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ವಾಹನ ನಿಂತಿರುವಾಗ ಪರವಾನಗಿ ಹೊಂದಿದ ಚಾಲಕ ಆಸನದಲ್ಲಿರಬೇಕು. ಇಲ್ಲವಾದರೆ ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ, ಅಥವಾ ಬೇರೆ ಕ್ರಮ ಕೈಗೊಂಡು ವಾಹನ ಆಕಸ್ಮಿಕವಾಗಿ ಚಲಿಸದಂತೆ ಮಾಡಿರಬೇಕು. ಹ್ಯಾಂಡ್ ಬ್ರೇಕ್ ಕೆಟ್ಟಿತ್ತು ಎಂಬುದು ಈ ಕರ್ತವ್ಯದಿಂದ ಬಿಡುಗಡೆ ನೀಡುವುದಿಲ್ಲ.

ಹಿಡಿತದ ಲೆಕ್ಕ

ಪ್ರಯಾಣಿಕ ಕಾರುಗಳ ಬ್ರೇಕಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 13-ಎಚ್ ವಿನಿಯಮದಂತೆ, ಪೂರ್ಣ ಹೊರೆ ಹೊತ್ತ ವಾಹನವನ್ನು ಶೇ. 20ರ ಏರಿನಲ್ಲಿಯೂ ಇಳಿಜಾರಿನಲ್ಲಿಯೂ ಪಾರ್ಕಿಂಗ್ ಬ್ರೇಕ್ ಹಿಡಿದು ನಿಲ್ಲಿಸಬೇಕು. ಕೈಲಿವರ್ ಎಳೆಯಲು 400 ನ್ಯೂಟನ್‌ಗಿಂತ, ಅಂದರೆ ಸುಮಾರು 40 ಕೆ.ಜಿ. ಭಾರದಷ್ಟು ಬಲಕ್ಕಿಂತ, ಹೆಚ್ಚು ಬೇಕಾಗಬಾರದು. ಶೇ. 20 ಎಂದರೆ 100 ಅಡಿ ಮುಂದೆ ಹೋದರೆ 20 ಅಡಿ ಏರುವ ದಾರಿ.

ಉದಾಹರಣೆಗೆ, ಒಟ್ಟು 2,000 ಕೆ.ಜಿ. ತೂಗುವ ವಾಹನವನ್ನು ಇಂತಹ ದಾರಿ ಸುಮಾರು 390 ಕೆ.ಜಿ. ಭಾರದಷ್ಟು ಬಲದಿಂದ ಕೆಳಗೆ ಎಳೆಯುತ್ತದೆ. ಬ್ರೇಕಿನ ಹಿಡಿತ ಇದಕ್ಕೆ ಸರಿಸಮವಾಗಿದೆ ಎಂದು ಭಾವಿಸೋಣ. ಮಾಲೀಕರು 28 ಅಂಗುಲ ವ್ಯಾಸದ ಟೈರುಗಳನ್ನು ತೆಗೆದು 31 ಅಂಗುಲದ ಟೈರು ಹಾಕಿಸಿದರೆ ಡ್ರಮ್ಮಿನ ಶಕ್ತಿ ಹೆಚ್ಚುವುದಿಲ್ಲ, ಚಕ್ರದ ಸನ್ನೆಯ ಉದ್ದ ಮಾತ್ರ ಹೆಚ್ಚುತ್ತದೆ. ನೆಲದ ಮೇಲಿನ ಹಿಡಿತ ಸುಮಾರು 350 ಕೆ.ಜಿ.ಗೆ ಇಳಿಯುತ್ತದೆ. ಅದರ ಮೇಲೆ 400 ಕೆ.ಜಿ. ಹೆಚ್ಚುವರಿ ಸರಕು ಹೇರಿದರೆ, ಶೇ. 20ರ ದಾರಿಯಲ್ಲಿ ನಿಲ್ಲುತ್ತಿದ್ದ ವಾಹನ ಶೇ. 15ರ ದಾರಿಯಲ್ಲಿಯೂ ನಿಲ್ಲುವುದು ಅನುಮಾನ. ಟೈರಿನ ಅಂಗಡಿಯಲ್ಲಿ ಈ ಖರ್ಚನ್ನು ಯಾರೂ ಬಿಲ್ಲಿನಲ್ಲಿ ಬರೆಯುವುದಿಲ್ಲ.

ಇನ್ನೊಂದು ಅಂಶವೂ ಉಂಟು. ಸಾಮಾನ್ಯವಾಗಿ ಹ್ಯಾಂಡ್ ಬ್ರೇಕ್ ಹಿಂಬದಿಯ ಎರಡು ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ವಾಹನ ಇಳಿಮುಖವಾಗಿ ನಿಂತಾಗ ತೂಕ ಮುಂದಕ್ಕೆ ವಾಲಿ ಹಿಂಬದಿ ಹಗುರಾಗುತ್ತದೆ. ಬಾಡಿಯನ್ನು ಎತ್ತರಿಸಿದಷ್ಟೂ ಈ ವಾಲುವಿಕೆ ಅಧಿಕ. ಸಡಿಲ ಗರಸಿನ ಮೇಲೆ ಬ್ರೇಕ್ ಬಿಗಿಯಾಗಿದ್ದರೂ ಚಕ್ರ ತಿರುಗದೆಯೇ ಜಾರಬಹುದು.

ಸ್ಪ್ರಿಂಗ್ ಮತ್ತು ಕೇಬಲ್

ಬೊಲೆರೊ ವಾಹನದ ಹಿಂಬದಿಯಲ್ಲಿಯೂ ಜಿಪ್ಸಿಯ ನಾಲ್ಕೂ ಚಕ್ರಗಳಲ್ಲಿಯೂ ಇರುವುದು ಲೀಫ್ ಸ್ಪ್ರಿಂಗ್, ಅಂದರೆ ಪ್ಲೇಟುಗಳ ಕಟ್ಟು. 2020ರಲ್ಲಿ ಬಂದ ಥಾರ್‌ನ ಹಿಂಬದಿಯಲ್ಲಿ ಕಾಯಿಲ್ ಸ್ಪ್ರಿಂಗ್ ಇದೆ. 2010ರ ಥಾರ್‌ನಲ್ಲಿ ಪ್ಲೇಟುಗಳಿದ್ದವು. ಹ್ಯಾಂಡ್ ಬ್ರೇಕಿನ ಕೇಬಲ್ ಚಾಸಿಯಿಂದ ಹೊರಟು, ಸದಾ ಮೇಲೆ ಕೆಳಗೆ ಆಡುವ ಹಿಂದಿನ ಹೌಸಿಂಗ್‌ಗೆ ಸೇರುತ್ತದೆ. ಆದ್ದರಿಂದ ತಯಾರಕರು ಕೇಬಲ್ಲಿಗೆ ಲೆಕ್ಕ ಹಾಕಿದ ಸಡಿಲವನ್ನು ಬಿಟ್ಟಿರುತ್ತಾರೆ. ಪ್ಲೇಟು ಹೆಚ್ಚಿಸಿ ಅಥವಾ ಉದ್ದನೆಯ ಶ್ಯಾಕಲ್ ಹಾಕಿ ವಾಹನ ಎತ್ತರಿಸಿದಾಗ ಈ ಸಡಿಲ ಮುಗಿದುಹೋಗುತ್ತದೆ. ಹಳ್ಳದಲ್ಲಿ ಚಕ್ರ ಕೆಳಗಿಳಿದಾಗ ಕೇಬಲ್ ತಾನೇ ಎಳೆದುಕೊಂಡು ಲೈನರ್ ಉಜ್ಜುತ್ತದೆ; ಕ್ರಮೇಣ ಹೊರಕವಚ ಕಿತ್ತು ಬರಬಹುದು. ಇದಕ್ಕೆ ತಕ್ಕ ಉದ್ದದ ಕೇಬಲ್ ಅಥವಾ ಬ್ರಾಕೆಟ್ಟಿನ ಸ್ಥಾನ ಬದಲಾವಣೆಯೇ ಪರಿಹಾರ.

ಪ್ಲೇಟು ಕುಸಿದಿದ್ದರೆ ಕೇಬಲ್ ಜೋತುಬಿದ್ದು ಸೈಲೆನ್ಸರ್ ಕೊಳವೆಗೆ ತಾಗುತ್ತದೆ. ಯು-ಬೋಲ್ಟ್ ಸಡಿಲಗೊಂಡು ನಡುವಿನ ಬೋಲ್ಟ್ ತುಂಡಾದರೆ ಹೌಸಿಂಗ್ ಸ್ಥಾನಪಲ್ಲಟಗೊಳ್ಳುತ್ತದೆ. ಬುಷ್‌ಗಳು ಸವೆದಿದ್ದಲ್ಲಿ, ಬ್ರೇಕ್ ಹಾಕಿ ಕಾಲು ತೆಗೆದ ಮೇಲೆ ವಾಹನ ಒಂದು ಗೇಣು ಹಿಂದೆ ಸರಿದು ನಿಲ್ಲುತ್ತದೆ. ಈ ಸರಿತ ದಿನೇ ದಿನೇ ಹೆಚ್ಚುತ್ತಿದ್ದರೆ ಅದನ್ನು ಕಡೆಗಣಿಸಬಾರದು.

ಲೈನರ್ ಸವೆದಾಗ ಕೇಬಲ್ಲಿನ ನಟ್ ಬಿಗಿದು ಕಳುಹಿಸುವ ಪದ್ಧತಿ ಬಹಳ ಕಡೆ ಇದೆ. ಇದು ತಪ್ಪು ಕ್ರಮ. ಮೊದಲು ಡ್ರಮ್ ಬಿಚ್ಚಿ ಲೈನರ್‌ನ ಅಂತರ ಸರಿಪಡಿಸಿ, ಆನಂತರವೇ ಕೇಬಲ್ ಹೊಂದಿಸಬೇಕು. ಇಲ್ಲದಿದ್ದರೆ ಡ್ರಮ್ಮಿನೊಳಗಿನ ಸ್ವಯಂ ಹೊಂದಾಣಿಕೆಯ ಭಾಗ ಕೆಲಸ ಮಾಡುವುದಿಲ್ಲ.

ವಾಣಿವಿಲಾಸ ಸಾಗರವು 1933ರ ನಂತರ 2022ರಲ್ಲಿ ಕೋಡಿ ಬಿದ್ದು ವೇದಾವತಿ ತುಂಬಿ ಹರಿದ ಮೇಲೆ, ನೀರು ದಾಟುವ ದಾರಿಗಳು ಈ ಭಾಗದವರಿಗೆ ಹೊಸದಾಗಿ ಪರಿಚಯವಾದವು. ನೀರು ಹೊಕ್ಕ ಡ್ರಮ್ ಒಣಗುವವರೆಗೆ ಹಿಡಿತ ಕಡಿಮೆ. ದಾಟಿದ ಮೇಲೆ ನಿಧಾನವಾಗಿ ಚಲಿಸುತ್ತ ಕಾಲು ಬ್ರೇಕನ್ನು ಹಲವು ಬಾರಿ ಮೆಲ್ಲಗೆ ಒತ್ತುವುದು ಸೂಕ್ತ. ಎರೆಮಣ್ಣಿನ ಕೆಸರು ಒಳಗೆ ಗಟ್ಟಿಯಾಗಿದ್ದರೆ ಡ್ರಮ್ ಬಿಚ್ಚಿ ತೊಳೆಸಲೇಬೇಕು.

ಹಳೆಯ ಜೀಪುಗಳು ಮತ್ತು ಫೋರ್ ವೀಲ್ ಲಿವರ್

ವಿಲ್ಲೀಸ್ ಮಾದರಿಯ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರದಲ್ಲಿರದೆ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿನ ಮೇಲಿರುತ್ತದೆ. ಇಂತಹ ವಾಹನದ ಒಂದು ಹಿಂಚಕ್ರವನ್ನು ಜ್ಯಾಕ್ ಹಾಕಿ ಎತ್ತಿದ ಕ್ಷಣ, ಡಿಫರೆನ್ಷಿಯಲ್ ಕಾರಣದಿಂದ ಎತ್ತಿದ ಚಕ್ರ ಸ್ವತಂತ್ರವಾಗಿ ತಿರುಗಿ, ಬ್ರೇಕ್ ಎಳೆದಿದ್ದರೂ ಜೀಪು ಉರುಳುತ್ತದೆ. ಪಂಕ್ಚರ್ ತೆಗೆಯುವವರು ಮೊದಲು ಉಳಿದ ಚಕ್ರಗಳಿಗೆ ಎರಡೂ ಬದಿ ಕಲ್ಲು ಕೊಡುವುದು ಕಡ್ಡಾಯವೆಂದು ತಿಳಿಯಬೇಕು.

ಜಿಪ್ಸಿ ಮತ್ತು ಥಾರ್‌ನ ಫೋರ್ ವೀಲ್ ಲಿವರ್‌ನಲ್ಲಿ ನ್ಯೂಟ್ರಲ್ ಸ್ಥಾನವಿದೆ. ಲಿವರ್ ಅಲ್ಲಿದ್ದರೆ ಮುಖ್ಯ ಗೇರು ಹಾಕಿದ್ದರೂ, ಆಟೋಮ್ಯಾಟಿಕ್ ವಾಹನವನ್ನು ಪಾರ್ಕ್‌ನಲ್ಲಿ ಇಟ್ಟಿದ್ದರೂ, ಚಕ್ರಗಳಿಗೆ ಯಾವ ತಡೆಯೂ ಇರುವುದಿಲ್ಲ.

ಪರೀಕ್ಷೆ ಮತ್ತು ನಿಲುಗಡೆ

ಸಸ್ಪೆನ್ಷನ್ ಕೆಲಸವಾದ ಪ್ರತಿ ಬಾರಿಯೂ, ಎಂದಿನ ಹೊರೆಯೊಡನೆ, ಜನರಿಲ್ಲದ ಗಟ್ಟಿ ಇಳಿಜಾರಿನಲ್ಲಿ ಪರೀಕ್ಷಿಸುವುದು. ಚಕ್ರದಿಂದ ಅರ್ಧ ಅಡಿ ಕೆಳಗೆ ದೊಡ್ಡ ಕಲ್ಲಿಟ್ಟು, ಗೇರು ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು ಕಾಲು ಬ್ರೇಕನ್ನು ನಿಧಾನವಾಗಿ ಬಿಡಬೇಕು. ಏರುಮುಖ ಮತ್ತು ಇಳಿಮುಖ ಎರಡರಲ್ಲಿಯೂ ನೋಡಬೇಕು.

ನಿಲ್ಲಿಸುವಾಗಲೂ ಇದೇ ಅನುಕ್ರಮ: ಹ್ಯಾಂಡ್ ಬ್ರೇಕ್ ಎಳೆದು, ಕಾಲು ತೆಗೆದು ವಾಹನದ ಭಾರ ಬ್ರೇಕಿನ ಮೇಲೆ ಕುಳಿತ ನಂತರ, ಏರುಮುಖವಿದ್ದರೆ ಮೊದಲ ಗೇರು, ಇಳಿಮುಖವಿದ್ದರೆ ರಿವರ್ಸ್ ಗೇರು ಹಾಕಿ, ಮುಂಚಕ್ರವನ್ನು ದಿಬ್ಬದ ಕಡೆಗೆ ತಿರುಗಿಸಬೇಕು. ಹಿಂಬದಿ ಡಿಸ್ಕ್ ಬ್ರೇಕ್ ಇರುವ ವಾಹನ ಘಾಟಿ ಇಳಿದು ಬಿಸಿಯಾಗಿದ್ದರೆ, ತಣಿದ ಮೇಲೆ ಹಿಡಿತ ಸಡಿಲವಾಗಬಹುದು. ಸ್ವಲ್ಪ ಹೊತ್ತಿನ ಬಳಿಕ ಮತ್ತೊಮ್ಮೆ ಎಳೆಯುವುದು ಒಳಿತು. ಚಕ್ರಕ್ಕೆ ಕೊಟ್ಟ ಕಲ್ಲನ್ನು ಹೊರಡುವಾಗ ರಸ್ತೆಯಿಂದ ತೆಗೆದುಹಾಕತಕ್ಕದ್ದು. ರಾತ್ರಿ ಬರುವ ದ್ವಿಚಕ್ರ ಸವಾರನಿಗೆ ಆ ಕಲ್ಲು ಕಾಣುವುದಿಲ್ಲ.

ಮಾರ್ಪಾಡುಗಳ ಬಗ್ಗೆ

ಅಧಿನಿಯಮದ ಪ್ರಕರಣ 52ರಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗಿಂತ ಭಿನ್ನವಾಗುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ ಪ್ರಕರಣ 182ಎ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ 6 ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದು. ಸವೆದ ಪ್ಲೇಟು, ಬುಷ್, ಕೇಬಲ್‌ಗಳಿಗೆ ಬದಲಾಗಿ ಅದೇ ಅಳತೆಯ ಬಿಡಿಭಾಗ ಹಾಕಿಸುವುದು ದುರಸ್ತಿಯಾಗಿದ್ದು, ಅದು ಮಾರ್ಪಾಡಿನ ವ್ಯಾಪ್ತಿಗೆ ಬರುವುದಿಲ್ಲ.