ಎಲೆಗೆ ಬಾರದ ತಿನಿಸುಗಳು

ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶಾಸನ, ಸನ್ನದು, ಕಡತಗಳನ್ನು ಅವಲಂಬಿಸುವರು. ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಗಳ ವಿಷಯದಲ್ಲಿ ಇಂಥ ಸಾಧನಗಳಿಗೆ ಕೊರತೆಯಿಲ್ಲ. ವಿಜಯನಗರದ ಸಂಗಮ ಸೋದರರು ಶೃಂಗೇರಿಯಲ್ಲಿ ಭೂದಾನ ಮಾಡಿದುದು ಕ್ರಿ. ಶ. 1346ರಲ್ಲಿ, ಕೆಳದಿಯ ಅರಸರ ಆಳ್ವಿಕೆ ಹೈದರಾಲಿಯ ಕೈಯಲ್ಲಿ ಮುಗಿದುದು 1763ರಲ್ಲಿ, ಎಡೇಹಳ್ಳಿಯೆಂಬ ಊರು ಮೈಸೂರಿನ ಯುವರಾಜರ ಹೆಸರನ್ನು ತಳೆದು ನರಸಿಂಹರಾಜಪುರವಾದುದು 1915ರಲ್ಲಿ. ಆದರೆ ಇಷ್ಟು ಮಳೆಗಾಲಗಳಲ್ಲಿ ನಮ್ಮ ಮಕ್ಕಳು ಏನನ್ನು ತಿಂದು ಬೆಳೆದರು, ತಲೆ ನರೆತ ಮೇಲೂ ಯಾವುದನ್ನು ನೆನೆದು ಬಾಯಲ್ಲಿ ನೀರೂರಿಸಿಕೊಂಡರು ಎಂಬುದನ್ನು ಯಾವ ಶಾಸನವೂ ಹೇಳದು.

ಪಾಕಶಾಸ್ತ್ರದ ಗ್ರಂಥಗಳು ನಮ್ಮಲ್ಲಿ ಇಲ್ಲದೆ ಇಲ್ಲ. ಎರಡನೆಯ ಚಾವುಂಡರಾಯನ ಲೋಕೋಪಕಾರವು 11ನೆಯ ಶತಮಾನದ್ದು. ಅದರಲ್ಲಿ ಅಡುಗೆಗೆಂದೇ ಒಂದು ಭಾಗವುಂಟು. ಮೂರನೆಯ ಮಂಗರಸನು 16ನೆಯ ಶತಮಾನದ ಆದಿಯಲ್ಲಿ ಸೂಪಶಾಸ್ತ್ರವೆಂಬ ಷಟ್ಪದಿಯ ಗ್ರಂಥವನ್ನೇ ರಚಿಸಿದನು. ನಮ್ಮ ಸೀಮೆಯನ್ನಾಳಿದ ಕೆಳದಿಯ ಬಸವಪ್ಪನಾಯಕನೂ ಸಂಸ್ಕೃತದ ಶಿವತತ್ತ್ವರತ್ನಾಕರದಲ್ಲಿ ಪಾಕದ ವಿಷಯವನ್ನು ಬಿಡಲಿಲ್ಲ. ಆದರೆ ಇವೆಲ್ಲ ಅತಿಥಿಯ ಎಲೆಗೆ ಬಡಿಸಲು ಯೋಗ್ಯವಾದ ಪದಾರ್ಥಗಳನ್ನು ಕುರಿತವು. ಎಲೆಗೆ ಬಾರದೆ, ಒರಳ ಬಳಿಯಲ್ಲೋ ಒಲೆಯ ಬಳಿಯಲ್ಲೋ ಮುಗಿದುಹೋಗುವ ತಿನಿಸುಗಳ ಗೋಜಿಗೆ ಇವು ಹೋಗಿಲ್ಲ. ನಾನು ಹೇಳಹೊರಟಿರುವುದು ಅವುಗಳನ್ನೇ.

ಇವುಗಳಲ್ಲಿ ಅಗ್ರಪೂಜೆ ಸಲ್ಲಬೇಕಾದುದು ಹಲಸಿನ ಹಪ್ಪಳದ ಹಿಟ್ಟಿಗೆ. ಹಪ್ಪಳವನ್ನು ಲೋಕವೆಲ್ಲ ಬಲ್ಲುದು. ಹಿಟ್ಟನ್ನು ಹಿಟ್ಟಾಗಿಯೇ ತಿನ್ನುವ ಸುಖವನ್ನು ಹಪ್ಪಳ ಮಾಡುವ ಮನೆಯಲ್ಲಿ ಹುಟ್ಟಿದವರು ಮಾತ್ರ ಬಲ್ಲರು. ಬಲಿತ ಹಲಸಿನಕಾಯಿಯ ತೊಳೆಗಳನ್ನು ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿಯಾಗಿರುವಾಗಲೇ ಉಪ್ಪು, ಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ ಕೂಡಿಸಿ ಒರಳಿನಲ್ಲಿ ಹಾಕಿ ಒನಕೆಯಿಂದ ಕುಟ್ಟುವರು. ಆ ಹಿಟ್ಟಿನ ಉಂಡೆಯಲ್ಲಿ ಹೆಬ್ಬೆರಳಿನಿಂದ ಒಂದು ಗುಳಿ ಮಾಡಿ, ಅದರಲ್ಲಿ ತೆಂಗಿನೆಣ್ಣೆ ಹನಿಸಿ, ತುಸು ಕಾಯಿತುರಿಯೊಡನೆ ಬಾಯಿಗೆ ಹಾಕಿಕೊಳ್ಳುವುದೇ ಕ್ರಮ. ಹೊರಗಿನವರಿಗೆ ಇದು ಅರೆಬೆಂದ ಪದಾರ್ಥದಂತೆ ತೋರೀತು. ನಮ್ಮಲ್ಲಿ ಎಪ್ಪತ್ತು ದಾಟಿದ ಗೃಹಸ್ಥರು ಕೂಡ ಒರಳಿನ ಸದ್ದು ಕೇಳಿದೊಡನೆ ಏನೋ ಕೆಲಸವಿದ್ದವರಂತೆ ಹಿತ್ತಿಲ ಜಗಲಿಗೆ ಬಂದು ನಿಲ್ಲುವುದುಂಟು.

ಈ ರುಚಿಗೆ ಕಾರಣವು ಹಲಸಿನಲ್ಲಿ ಮಾತ್ರ ಇಲ್ಲ. ಆಗುಂಬೆಯ ನೆರೆಯ ಈ ಸೀಮೆಯಲ್ಲಿ ಜೂನಿನಲ್ಲಿ ಹಿಡಿದ ಮಳೆಯು ತಿಂಗಳುಗಟ್ಟಲೆ ಬಿಡದು. ಹಿಂದೆ ಆ ಕಾಲದಲ್ಲಿ ಹಳ್ಳ ದಾಟಿ ಸಂತೆಗೆ ಹೋಗುವುದೇ ದುಸ್ತರವಾಗಿತ್ತು. ಆದುದರಿಂದ ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿಯೇ ವರ್ಷದ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳೆಲ್ಲ ಸಿದ್ಧವಾಗಬೇಕು. ನೆರೆಮನೆಯ ಹೆಂಗಸರೂ ಬಂದು ಕೈಗೂಡಿಸುವರು. ಒಬ್ಬರು ಕುಟ್ಟುವರು, ಒಬ್ಬರು ಉಂಡೆ ಕಟ್ಟುವರು, ಮತ್ತೊಬ್ಬರು ಎಣ್ಣೆ ಸವರಿದ ಬಾಳೆಯೆಲೆಯ ನಡುವೆ ಇಟ್ಟು ಮಣೆಯಿಂದ ಒತ್ತುವರು. ಚಾಪೆಯ ಮೇಲೆ ಹರಡಿದ ಹಪ್ಪಳಕ್ಕೆ ಕಾಗೆ ಬಾರದಂತೆ ಕಾವಲು ಕೂರುವುದು ಮಕ್ಕಳ ಪಾಲು. ಹಿಟ್ಟಿನ ಉಂಡೆಯು ಆ ಕಾವಲಿನ ಕೂಲಿ. ಕಾವಲುಗಾರರೇ ಅರೆ ಒಣಗಿದ ಹಪ್ಪಳವನ್ನು ಸುಲಿದು ತಿನ್ನುತ್ತಿದ್ದುದರಿಂದ ಕಾಗೆಗಳ ಮೇಲೆ ಅನ್ಯಾಯವಾಗಿ ಅಪವಾದ ಬರುತ್ತಿತ್ತು.

ಎರಡನೆಯದು ತಂಗಳನ್ನ. ರಾತ್ರಿ ಉಳಿದ ಅನ್ನಕ್ಕೆ ನೀರೆರೆದಿಟ್ಟು, ಬೆಳಗ್ಗೆ ಮಜ್ಜಿಗೆ ಬೆರೆಸಿ, ಮಾವಿನ ಮಿಡಿಯೊಡನೆ ಉಣ್ಣುವುದು. ಗೀತೆಯ 17ನೆಯ ಅಧ್ಯಾಯದಲ್ಲಿ ಇಂಥ ಆಹಾರವನ್ನು ತಾಮಸಪ್ರಿಯವೆಂದು ಹೇಳಿದೆ; ಪಾಠಶಾಲೆಯಲ್ಲಿ ನಾವು ಅದನ್ನು ಕಂಠಪಾಠ ಮಾಡಿದವರೇ. ಆದರೂ ತಂಗಳು ತಿಂದು ಗದ್ದೆಗೆ ಹೋದವರ ದುಡಿಮೆಯಿಂದ ಬೆಳೆದ ಅಕ್ಕಿಯೇ ನಮ್ಮ ಎಲೆಗಳ ಮೇಲೆ ಬಿಸಿಯನ್ನವಾಗಿ ಬರುತ್ತಿದ್ದಿತೆಂಬುದನ್ನು ಮರೆಯಲಾಗದು. 1942ರಲ್ಲಿ ಬರ್ಮಾ ದೇಶವು ಜಪಾನರ ವಶವಾಗಿ ಅಲ್ಲಿಯ ಅಕ್ಕಿ ಬರುವುದು ನಿಂತು, ಮೈಸೂರು ಸಂಸ್ಥಾನದಲ್ಲಿಯೂ ರೇಷನ್ನು ಬಂದಿತು. ಅಂದು ತಂಗಳನ್ನು ಚೆಲ್ಲುವ ಧೈರ್ಯ ಯಾವ ಸಾತ್ತ್ವಿಕನಿಗೂ ಇರಲಾರದು. ಅದರ ಸಂಗಾತಿಯಾದ ಮಿಡಿ ಉಪ್ಪಿನಕಾಯಿಯನ್ನು ನಾವು ಸನಾತನವೆಂದು ಭಾವಿಸಿದ್ದೇವೆ. ಮಾವು ಸನಾತನವೇ ಸರಿ. ಆದರೆ ಅದರ ಕೆಂಪು ಖಾರವು ಪೋರ್ತುಗೀಜರೊಡನೆ 16ನೆಯ ಶತಮಾನದಲ್ಲಿ ಹಡಗಿನಿಂದ ಇಳಿದದ್ದು. ಅದಕ್ಕೆ ಮೊದಲು ಖಾರವೆಂದರೆ ನಮ್ಮ ಕಾಡಿನ ಕರಿಮೆಣಸು.

ಹಸಿ ಅಕ್ಕಿಯನ್ನು ಬೊಗಸೆಯಲ್ಲಿ ಹಿಡಿದು ಅಗಿಯುವ ಚಪಲವೂ ಒಂದುಂಟು. ಹಾಗೆ ತಿಂದವರ ಮದುವೆಯಲ್ಲಿ ಮಳೆ ಸುರಿಯುವುದೆಂದು ಹಿರಿಯರು ಹೆದರಿಸುವರು. ಬಯಲುಸೀಮೆಯಲ್ಲಿ ಇದು ಬೆದರಿಕೆಯೋ ವರವೋ ತಿಳಿಯದು.

ಇನ್ನು ಪರದೇಶದಿಂದ ಬಂದ ಒಂದು ರುಚಿಯನ್ನೂ ಹೇಳಬೇಕು. ಅಮೆರಿಕವು 1954ರಲ್ಲಿ ಮಾಡಿದ 480ನೆಯ ಸಾರ್ವಜನಿಕ ಶಾಸನದ ಮೇರೆಗೆ ಆ ದೇಶದ ಹೆಚ್ಚುವರಿ ಧಾನ್ಯವು ಭಾರತಕ್ಕೆ ಬಂದಿತು. 1960ರ ದಶಕದಿಂದ ಕೇರ್ ಸಂಸ್ಥೆಯ ಮೂಲಕ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಗೋಧಿ ನುಚ್ಚಿನ ಉಪ್ಪಿಟ್ಟು, ಹಾಲಿನ ಪುಡಿ ದೊರೆತವು. ಹಾಲಾಗಬೇಕಿದ್ದ ಪುಡಿಯು ಅನೇಕ ವೇಳೆ ಅಂಗೈಯಲ್ಲಿಯೇ ಉಳಿದು, ನಾಲಿಗೆಗೆ ಅಂಟಿ, ಮೇಲಂಗುಳಿಗೆ ಹತ್ತಿ ಕರಗುತ್ತಿತ್ತು. ಅನ್ನವುಳ್ಳ ಮನೆಯವನಿಗೂ ಇಲ್ಲದ ಮನೆಯವನಿಗೂ ಒಂದೇ ಸಾಲಿನಲ್ಲಿ ಒಂದೇ ಸೌಟಿನಿಂದ ಬಡಿಸಿದ ಆ ಉಪ್ಪಿಟ್ಟಿನ ಪರಿಮಳವನ್ನು ನನ್ನ ಓರಗೆಯವರು ಇಂದೂ ಹೊಗಳುತ್ತಾರೆ. ಮನೆಯಲ್ಲಿ ಅದನ್ನೇ ಮಾಡಿಸಿ ನೋಡಿದವರಿದ್ದಾರೆ, ಅದು ಆಗುವುದಿಲ್ಲ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟವನ್ನು ಉಂಡವರು ಮುಂದೆ ಯಾವುದನ್ನು ನೆನೆಯುವರೋ ನೋಡಬೇಕು.

ಈ ತಿನಿಸುಗಳ ಆಧಾರವು ನಮ್ಮ ಕಣ್ಣೆದುರಿಗೇ ಸಡಿಲವಾಗುತ್ತಿದೆ. ಭದ್ರಾ ಜಲಾಶಯದ ನೀರು 1960ರ ದಶಕದಲ್ಲಿ ಏರಿದಾಗ ನರಸಿಂಹರಾಜಪುರ ಸೀಮೆಯ ಹಳ್ಳಿಗಳು ಮುಳುಗಿದವು. ಹೊಳೆಯ ಅಂಚಿನ ಮಿಡಿಮಾವಿಗೂ ಅದೇ ಗತಿ. ಕೊಪ್ಪ, ಶೃಂಗೇರಿಗಳ ಅಡಕೆತೋಟಗಳನ್ನು ಹಳದಿ ಎಲೆ ರೋಗವು ದಶಕಗಳಿಂದ ತಿನ್ನುತ್ತಿದೆ. ತೋಟ ಸೋತ ಮನೆಗಳಿಂದ ಮಕ್ಕಳು ಬೆಂಗಳೂರಿಗೆ ಹೋದರು. ಇಬ್ಬರು ಮುದುಕರಿರುವ ಮನೆಯಲ್ಲಿ ಹಪ್ಪಳ ಮಾಡಲು ಕೈಗಳಿಲ್ಲ, ಕಾಗೆ ಕಾಯಲು ಕಣ್ಣುಗಳಿಲ್ಲ. ಹಲಸು ಮರದಡಿಯಲ್ಲೇ ಕೊಳೆಯುತ್ತದೆ. ಹಪ್ಪಳವಾದರೋ ಪೇಟೆಯ ಅಂಗಡಿಯಲ್ಲಿ ಕಟ್ಟುಕಟ್ಟಾಗಿ ದೊರೆಯುತ್ತದೆ, ಹಿಟ್ಟು ದೊರೆಯದು. ಅದಕ್ಕಾಗಿಯೇ ಕೆಲವು ಮನೆಗಳಲ್ಲಿ ಈಗಲೂ ಬೇಸಗೆಯಲ್ಲಿ ಒಂದೆರಡು ಹಲಸಿನಕಾಯಿಯನ್ನಷ್ಟೆ ಬೇಯಿಸಿ ಕುಟ್ಟಿ, ಒಂದು ಹಪ್ಪಳವನ್ನೂ ಒತ್ತದೆ, ಉಂಡೆಗಳನ್ನು ಡಬ್ಬಿಯಲ್ಲಿ ತುಂಬಿ ರಾತ್ರಿಯ ಬಸ್ಸಿಗೆ ಕೊಟ್ಟು ಕಳುಹಿಸುತ್ತಾರೆ. ಜೊತೆಗೆ ಒಂದು ಸೀಸೆ ತೆಂಗಿನೆಣ್ಣೆಯೂ ಹೋಗುತ್ತದೆ.