ಪತ್ತನಾಜೆಯ ಒಳಗೆ

ತುಳುನಾಡಿನಲ್ಲಿ ಬೇಸಗೆ ಮುಗಿಯುವುದಕ್ಕೆ ಒಂದು ತಾರೀಕು ಇದೆ. ಬೇಶ ತಿಂಗಳ, ಎಂದರೆ ಸೌರಮಾನದ ವೃಷಭ ಮಾಸದ, ಹತ್ತನೆಯ ದಿನ ಪತ್ತನಾಜೆ. ಮೇ 24ರ ಆಸುಪಾಸಿಗೆ ಬೀಳುತ್ತದೆ. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ, ದೇವಸ್ಥಾನದ ಉತ್ಸವಗಳಿಗೆ ತೆರೆ ಬೀಳುತ್ತದೆ. ವರ್ಷ ವರ್ಷವೂ ಪತ್ರಿಕೆಗಳು ಬರೆಯುವುದು ಇಷ್ಟನ್ನೇ. ಹೀಗಾಗಿ ಇದು ರಂಗಸ್ಥಳಕ್ಕೂ ದೈವಸ್ಥಾನಕ್ಕೂ ಸೇರಿದ ಶಬ್ದವೆಂಬ ಭಾವನೆ ಬೇರೂರಿದೆ. ನನಗೆ ಇದು ಅಟ್ಟ, ಅಂಗಳ, ಅಡುಗೆಮನೆಗಳ ಶಬ್ದವಾಗಿಯೇ ಹೆಚ್ಚು ಅರ್ಥವಾಗುತ್ತದೆ. ಮನೆಮಾತಿನಲ್ಲಿ ಇದರ ಬೆನ್ನಿಗೆ ಹೆಚ್ಚಾಗಿ ಬರುವುದು ‘ಒಳಗೆ’ ಎಂಬ ಪದ. ಪತ್ತನಾಜೆಯ ಒಳಗೆ ಕಟ್ಟಿಗೆ ಒಳಸೇರಬೇಕು, ಹಂಚು ಸರಿಪಡಿಸಬೇಕು, ಹಪ್ಪಳ ಒಣಗಬೇಕು. ಹಬ್ಬದ ಹೆಸರನ್ನು ನಾವು ಹೀಗೆ ಬಳಸುವುದು ಕಡಿಮೆ. ಇದು ಗಡುವಿನ ವ್ಯಾಕರಣ.

ಗಡುವು ಹತ್ತಿರವಾದಷ್ಟೂ ಬಿಸಿಲಿನ ಬೆಲೆ ಏರುತ್ತದೆ. ಏಪ್ರಿಲಿನಲ್ಲಿ ಶಪಿಸಿಕೊಂಡ ಅದೇ ಬಿಸಿಲನ್ನು ಮೇ ಮೂರನೆಯ ವಾರದಲ್ಲಿ ಅಂಗಳದ ಚಾಪೆಯ ಮೇಲೆ ಲೆಕ್ಕ ಹಾಕಿ ಖರ್ಚು ಮಾಡುತ್ತಾರೆ: ಹಲಸಿನ ಹಪ್ಪಳಕ್ಕೆ, ಮಾವಿನ ರಸವನ್ನು ಪದರ ಪದರವಾಗಿ ಒಣಗಿಸಿದ ಮಾಂಬಳಕ್ಕೆ, ಉಪ್ಪು ಹಾಕಿ ಬೇಯಿಸಿದ ಹಲಸಿನ ಬೀಜಕ್ಕೆ, ಕರಾವಳಿಯ ಒಣಮೀನಿಗೆ. ಬಿಸಿಲು ಬೇಡದ ಹಲಸಿನ ಸೊಳೆ ಉಪ್ಪುನೀರಿನ ಭರಣಿಗೆ ಇಳಿಯುತ್ತದೆ. ಸೌತೆಕಾಯಿಗಳು ಬಾಳೆನಾರಿನಲ್ಲಿ ಬಿಗಿಸಿಕೊಂಡು ಅಡ್ಡದ ಮರಕ್ಕೆ ಸಾಲಾಗಿ ನೇತಾಡುತ್ತವೆ. ಬೇಸಗೆಯ ರುಚಿ ಪೂರ್ತಿಯಾಗಿ ಸಿಗುವುದು ಈ ಅವಸರದ ದಿನಗಳಲ್ಲೇ ಎಂಬುದು ನನ್ನ ಅನುಮಾನ. ಅಂಗಳಕ್ಕೆ ಹಲಸು ಬಂದು ಬಿದ್ದಾಗ ಅರ್ಧ ಹಪ್ಪಳಕ್ಕಾದರೆ ಅರ್ಧ ಹೊಟ್ಟೆಗೆ.

ಮಳೆ ಈ ಗಡುವನ್ನು ಓದಿಕೊಂಡು ಬರುತ್ತದೆಯೇ ಎಂದು ಕೇಳಬಹುದು. ಖಂಡಿತ ಇಲ್ಲ. 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ; 2025ರಲ್ಲಿ ಮೇ 24ಕ್ಕೇ ಬಂದುಬಿಟ್ಟಿತು, ಹೆಚ್ಚುಕಡಿಮೆ ಪತ್ತನಾಜೆಯ ದಿನವೇ. ಹವಾಮಾನ ಇಷ್ಟು ಹೊಯ್ದಾಡುವಾಗ ನಿಂತ ತಾರೀಕಿಗೆ ಅರ್ಥವಿದೆಯೇ? ಇದು ಮಳೆಯ ಭವಿಷ್ಯವಾಗಿದ್ದರೆ ಇರುತ್ತಿರಲಿಲ್ಲ. ಆದರೆ ಅಂದು ಹತ್ತು ಹನಿಯಾದರೂ ಬೀಳಬೇಕೆಂಬ ನಾಡಮಾತು ಕೂಡ ನಿರೀಕ್ಷಿಸುವುದು ಹತ್ತು ಹನಿಯನ್ನೇ, ಜಡಿಮಳೆಯನ್ನಲ್ಲ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಅದಕ್ಕಿಂತ ಒಂದು ವಾರ ಮುಂಚೆಯೇ ಮನುಷ್ಯರು ಬೇಸಗೆಯನ್ನು ತಾವಾಗಿ ಮುಗಿಸಿಬಿಡುತ್ತಾರೆ. ಮಳೆ ತಡವಾದರೆ ಹಪ್ಪಳಕ್ಕೆ ಇನ್ನೆರಡು ಬಿಸಿಲು ಸಿಕ್ಕಿತು. ಬೇಗ ಬಂದರೆ ಒದ್ದೆಯಾಗುವುದು ಕೊನೆಯ ಹೊರೆ ಕಟ್ಟಿಗೆ ಮಾತ್ರ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಸರಕಾರ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಹಾಕುವಾಗಲೂ ಕಡಲನ್ನು ದಿನದಿನವೂ ಕೇಳುತ್ತಾ ಕೂರುವುದಿಲ್ಲ, ತಾರೀಕು ಹಾಕುತ್ತದೆ.

ಇದು ತುಳು ಶಬ್ದ, ಕನ್ನಡದ ಅಂಕಣಕ್ಕೇಕೆ ಎಂಬ ತಕರಾರು ಅಷ್ಟು ಗಟ್ಟಿಯಾದದ್ದಲ್ಲ. ತುಳುವಿನ ‘ಪತ್ತ್’ ನಮ್ಮ ಹತ್ತೇ. ಹಳಗನ್ನಡದಲ್ಲಿ ನಾವೂ ‘ಪತ್ತು’ ಎನ್ನುತ್ತಿದ್ದವರು, ಪಕಾರವನ್ನು ಹಕಾರ ಮಾಡಿಕೊಂಡದ್ದು ಆಮೇಲೆ. ಕರಾವಳಿಯ ಕನ್ನಡ ಪತ್ರಿಕೆಗಳಂತೂ ಈ ಶಬ್ದಕ್ಕೆ ವಿವರಣೆ ಕೊಡುವ ಗೋಜಿಗೂ ಹೋಗುವುದಿಲ್ಲ. ಗಟ್ಟಿ ತಕರಾರು ಬೇರೆಯದು: ತಾರಸಿ ಮನೆ, ಗ್ಯಾಸ್ ಒಲೆ, ಬೇಕೆಂದಾಗ ಹಪ್ಪಳ ಸಿಗುವ ಅಂಗಡಿ ಇರುವಾಗ ಯಾವ ಕೆಲಸಕ್ಕೆ ಈ ಗಡುವು? ಕಟ್ಟಿಗೆಯ ಮಟ್ಟಿಗೆ ಇದನ್ನು ಒಪ್ಪಬೇಕು. ಆದರೆ ತಾರಸಿಯೂ ಸೋರುತ್ತದೆ, ಮೇ ತಿಂಗಳಲ್ಲಿ ತಾರಸಿಯ ಮೇಲೆ ತಗಡಿನ ಮಾಡು ಏರಿಸುವವರಿಗೆ ಕೈತುಂಬ ಕೆಲಸ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಮೊದಲ ಸುತ್ತು ಮಳೆ ಹಿಡಿಯುವ ಮೊದಲೇ ಆಗಬೇಕು, ತೋಟದ ಕಣಿ ಬಿಡಿಸಬೇಕು. ಮೇಳಗಳ ಕಲಾವಿದರಲ್ಲೂ ಹಲವರು ಗೆಜ್ಜೆ ಬಿಚ್ಚಿದ ಮೇಲೆ ಸುಮ್ಮನಿರದೆ ಚಿಕ್ಕಮೇಳ ಕಟ್ಟಿಕೊಂಡು, ಸಂಜೆ ಹೊತ್ತು ಮನೆ ಮನೆಯ ಚಾವಡಿಗೆ ಬಂದು ಕುಣಿಯುತ್ತಾರೆ. ಅಷ್ಟರೊಳಗೆ ಚಾವಡಿಯ ಸೋರುವಿಕೆ ನಿಂತಿರಬೇಕಷ್ಟೆ.